ಒಂದೇ ಕಂಪ್ಯೂಟರ್, ಎರಡು ಆಪರೇಟಿಂಗ್ ಸಿಸ್ಟಮ್: ಡ್ಯುಯಲ್ ಬೂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಗಾಗಲೇ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿಗೆ ಲಿನಕ್ಸ್ ಸೇರಿಸಿಕೊಳ್ಳಬೇಕು ಅನ್ನುವವರಿಗಾಗಿ ಈ ಪುಟ. ಉದಾಹರಣೆಗೆ ಲಿನಕ್ಸ್‌ನ ಉಬುಂಟು ಆವೃತ್ತಿ ಇಟ್ಟುಕೊಂಡಿದ್ದೇನೆ. ಮಿಂಟ್, ಫೆಡೋರಾ ಹಾಕುವವರಿಗೂ ಹೆಚ್ಚುಕಮ್ಮಿ ಇದೇ ದಾರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಜನ ಎಡವುವುದು ಅದಕ್ಕೂ ಮುಂಚೆ, ವಿಂಡೋಸ್ ಒಳಗೆ ಮಾಡಿಕೊಳ್ಳಬೇಕಾದ ತಯಾರಿಯಲ್ಲಿ. ಹಾಗಾಗಿ ಆ ಭಾಗಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಡ್ಯುಯಲ್ ಬೂಟ್ ಮಾಡಿದರೆ ಎರಡೂ ಒಟ್ಟಿಗೆ ಓಡುತ್ತವಾ?

ಇಲ್ಲ. ಒಂದು ಸಲಕ್ಕೆ ಒಂದೇ. ಕಂಪ್ಯೂಟರ್ ಆನ್ ಮಾಡಿದಾಗ ಒಂದು ಮೆನು ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುತ್ತೀರಿ. ಇನ್ನೊಂದು ಬೇಕು ಅಂದರೆ ರೀಸ್ಟಾರ್ಟ್ ಮಾಡಲೇಬೇಕು. ಲಾಭ ಏನೆಂದರೆ, ಓಡುತ್ತಿರುವ ಸಿಸ್ಟಮ್‌ಗೆ ಪೂರ್ತಿ ರ‍್ಯಾಮ್, ಪೂರ್ತಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಸಿಗುತ್ತದೆ.

ನನಗೆ ನಿಜವಾಗಿ ಡ್ಯುಯಲ್ ಬೂಟ್ ಬೇಕಾ?

ಎಷ್ಟೋ ಜನರಿಗೆ ಬೇಡ. ಲಿನಕ್ಸ್ ಹೇಗಿರುತ್ತೆ ನೋಡೋಣ ಅಂತಷ್ಟೇ ಇದ್ದರೆ ಪೆನ್ ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ನೋಡಿ. ಡಿಸ್ಕನ್ನು ಮುಟ್ಟುವುದೇ ಇಲ್ಲ. ಪ್ರೋಗ್ರಾಮಿಂಗ್ ಕಲಿಯಲು ಲಿನಕ್ಸ್ ಕಮಾಂಡ್‌ಗಳು ಸಾಕು ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ. ಲಿನಕ್ಸ್‌ನಲ್ಲಿದ್ದುಕೊಂಡು ಅಪರೂಪಕ್ಕೊಮ್ಮೆ ಯಾವುದೋ ಒಂದು ವಿಂಡೋಸ್ ಸಾಫ್ಟ್‌ವೇರ್ ತೆರೆಯಬೇಕು ಅಂದರೆ ಒಂದು ಸಿಸ್ಟಮ್ ಒಳಗೆ ಇನ್ನೊಂದನ್ನು ಓಡಿಸುವ (ಇದನ್ನೇ ವರ್ಚುವಲ್ ಮಷಿನ್ ಅನ್ನುವುದು) ವರ್ಚುವಲ್‌ಬಾಕ್ಸ್ ಸಾಕಾಗಬಹುದು. ರ‍್ಯಾಮ್ 8 ಜಿಬಿಗಿಂತ ಕಡಿಮೆ ಇದ್ದರೆ ಮಾತ್ರ ವರ್ಚುವಲ್ ಮಷಿನ್ ಏದುಸಿರು ಬಿಡುತ್ತದೆ.

ದಿನದ ಕೆಲಸ ಲಿನಕ್ಸ್‌ನಲ್ಲಿ, ಗೇಮ್ ಅಥವಾ ಭಾರಿ ವಿಡಿಯೊ ಎಡಿಟಿಂಗ್ ವಿಂಡೋಸ್‌ನಲ್ಲಿ ಅನ್ನುವವರಿಗೆ ಡ್ಯುಯಲ್ ಬೂಟ್ ಸರಿಯಾದ ದಾರಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ ಹಳೇ ಯಂತ್ರಗಳವರು ಕೂಡ ಈಗ ಈ ಕಡೆ ಬರುತ್ತಿದ್ದಾರೆ. ಅಂಥವರು ಇಂಟರ್ನೆಟ್ ಕೆಲಸವನ್ನೆಲ್ಲ ಲಿನಕ್ಸ್‌ನಲ್ಲೇ ಮಾಡುವುದು ಒಳ್ಳೆಯದು.

ನನ್ನ ಫೈಲುಗಳು ಹೋಗಿಬಿಡುತ್ತವಾ?

ಸರಿಯಾಗಿ ಮಾಡಿದರೆ ಹೋಗುವುದಿಲ್ಲ. ಆದರೂ ಪಾರ್ಟಿಷನ್, ಅಂದರೆ ಡಿಸ್ಕಿನ ವಿಭಾಗಗಳನ್ನು, ಕತ್ತರಿಸುವ ಕೆಲಸ ಇದು. ನಡುವೆ ಕರೆಂಟ್ ಹೋದರೆ, ಬ್ಯಾಟರಿ ಮುಗಿದರೆ, ಒಂದು ತಪ್ಪು ಆಯ್ಕೆ ಒತ್ತಿದರೆ ಎಲ್ಲವೂ ಹೋಗಬಹುದು. ಕಳೆದುಕೊಂಡರೆ ಅಳು ಬರುವಂಥದ್ದು ಏನೇನಿದೆಯೋ ಅದನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಅದೇ ಡಿಸ್ಕಿನ ಡಿ ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಅದೂ ಜೊತೆಗೇ ಹೋಗುತ್ತದೆ.

ಶುರು ಮಾಡುವ ಮುಂಚೆ ವಿಂಡೋಸ್‌ನಲ್ಲಿ ಏನೇನು ನೋಡಿಕೊಳ್ಳಬೇಕು?

ಬ್ಯಾಕಪ್ ಆಯಿತು ಅಂದುಕೊಳ್ಳೋಣ. ಮುಂದಿನದು ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ. "ನಾನು ಆನ್ ಮಾಡಿಯೇ ಇಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ನೀವು ಮಾಡಿರಬೇಕಾಗಿಲ್ಲ, ಅದೇ ಆಗಿರುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಬಿಟ್‌ಲಾಕರ್‌ನ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಶನ್ ಸದ್ದಿಲ್ಲದೆ ಆನ್ ಆಗುವುದುಂಟು. ಹೋಮ್ ಆವೃತ್ತಿಯಲ್ಲೂ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ (ವಿಂಡೋಸ್ 10ರಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯೂರಿಟಿ) ಕೆಳಗೆ ಡಿವೈಸ್ ಎನ್‌ಕ್ರಿಪ್ಶನ್ ಅಂತ ಇದೆಯಾ, ಆನ್ ಆಗಿದೆಯಾ ನೋಡಿ.

ಆನ್ ಇದ್ದರೆ 48 ಅಂಕಿಗಳ ಒಂದು ರಿಕವರಿ ಕೀ ಇರುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಬ್ರೌಸರ್‌ನಿಂದ ಲಾಗಿನ್ ಆಗಿ, ಡಿವೈಸ್ ಪಟ್ಟಿಯಲ್ಲಿ ಆ ಕೀ ಹುಡುಕಿ, ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದರೂ ಆಯಿತು. ಬೂಟ್ ಸೆಟ್ಟಿಂಗ್ ಬದಲಾದದ್ದು ಗೊತ್ತಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ಆ ಕೀ ಕೇಳುತ್ತದೆ. ಆಗ ಕೀ ಕೈಯಲ್ಲಿದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಆ ಡಿಸ್ಕಿನಲ್ಲಿರುವ ಫೈಲುಗಳನ್ನು ತೆರೆಯಲು ಬೇರೆ ದಾರಿಯೇ ಇಲ್ಲ. ಈ ಪುಟದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೇನೆ ಅಂದರೆ ಇದನ್ನೇ ಪಾಲಿಸಿ. ಎನ್‌ಕ್ರಿಪ್ಶನ್ ಇರುವ ಡಿಸ್ಕ್ ಕಂಡರೆ ಕೆಲವು ಲಿನಕ್ಸ್ ಇನ್‌ಸ್ಟಾಲರ್‌ಗಳು ಮುಂದೆ ಹೋಗಲು ಒಪ್ಪುವುದೂ ಇಲ್ಲ. ಆಗ ವಿಂಡೋಸ್‌ಗೆ ವಾಪಸ್ ಬಂದು ಅದನ್ನು ಆಫ್ ಮಾಡಬೇಕಾಗುತ್ತದೆ. ಡಿಸ್ಕ್ ದೊಡ್ಡದಿದ್ದರೆ ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ.

ಕೊನೆಯದಾಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಲಿಂಕ್ ಒತ್ತಿದರೆ ಕೆಳಗೆ ಈ ಟಿಕ್ ಗುರುತು ಕಾಣುತ್ತದೆ. ಮಸುಕಾಗಿದ್ದರೆ ಮೇಲಿರುವ "ಈಗ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ" ಅನ್ನುವ ಅರ್ಥದ ಸಾಲು ಒತ್ತಿ.

ಫಾಸ್ಟ್ ಸ್ಟಾರ್ಟಪ್ ಇದ್ದರೆ ಏನು ತೊಂದರೆ?

ವಿಂಡೋಸ್ 8ರಿಂದ ಇದು ಬಂದಿದೆ. ಇದು ಆನ್ ಇದ್ದಾಗ ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಕರ್ನಲ್‌ನ (ಸಿಸ್ಟಮ್‌ನ ತಿರುಳಿನ) ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮುಂದಿನ ಸಲ ಬೇಗ ಏಳಲಿ ಅಂತ. ಆಗ ಸಿ ಡ್ರೈವ್ ಇನ್ನೂ ಬಳಕೆಯಲ್ಲಿದೆ ಅನ್ನುವ ಗುರುತು ಉಳಿದಿರುತ್ತದೆ. ಲಿನಕ್ಸ್‌ನಿಂದ ಆ ಡ್ರೈವ್ ತೆರೆಯಲು ಹೋದರೆ ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಹಟ ಹಿಡಿದು ಅದರ ಮೇಲೆ ಬರೆದರೆ ಫೈಲುಗಳು ಕೆಡಬಹುದು. ತಮಾಷೆ ಏನೆಂದರೆ, ರೀಸ್ಟಾರ್ಟ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತದೆ, ಶಟ್‌ಡೌನ್ ಒತ್ತಿದಾಗ ಮುಚ್ಚಿಕೊಳ್ಳುವುದಿಲ್ಲ. ಹೈಬರ್ನೇಟ್‌ಗೂ ಇದೇ ಮಾತು: ಒಂದನ್ನು ಹೈಬರ್ನೇಟ್ ಮಾಡಿ ಇನ್ನೊಂದನ್ನು ತೆರೆಯಬೇಡಿ.

ಯುಇಎಫ್‌ಐ, ಲೆಗಸಿ ಅಂತಾರಲ್ಲ, ನನ್ನದು ಯಾವುದು?

ಕಂಪ್ಯೂಟರ್ ಆನ್ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಎರಡು ವಿಧಾನಗಳು ಇವು. ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ. ಬಯೋಸ್ ಮೋಡ್ ಅನ್ನುವ ಸಾಲಿನಲ್ಲಿ ಉತ್ತರ ಇರುತ್ತದೆ. ಈಚಿನ ಯಂತ್ರಗಳೆಲ್ಲ ಯುಇಎಫ್‌ಐ, ಅದರ ಜೊತೆ ಡಿಸ್ಕ್ ಜಿಪಿಟಿ ಮಾದರಿಯದು. ಹಳೆಯವು ಲೆಗಸಿ, ಡಿಸ್ಕ್ ಎಂಬಿಆರ್. ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್ ಸಾಧ್ಯ, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲೂ ಆಗದು.

ನೆನಪಿಡಬೇಕಾದ್ದು ಇಷ್ಟೇ: ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸನ್ನೂ ಅದೇ ಮೋಡ್‌ನಲ್ಲಿ ಹಾಕಿ. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ ಆದರೆ ಎರಡೂ ಒಂದೇ ಮೆನುವಿನಲ್ಲಿ ಬರುವುದಿಲ್ಲ. ಪ್ರತಿ ಸಲ ಸೆಟ್ಟಿಂಗ್ ಬದಲಿಸುತ್ತಾ ಕೂರಬೇಕು.

ಲಿನಕ್ಸ್‌ಗೆ ಎಷ್ಟು ಜಾಗ ಕೊಡಲಿ?

ಉಬುಂಟು 25 ಜಿಬಿ ಇದ್ದರೆ ಸಾಕು ಅನ್ನುತ್ತದೆ. ಅದು ಇನ್‌ಸ್ಟಾಲ್ ಆಗಲು ಸಾಕು, ಬದುಕಲು ಅಲ್ಲ. 50 ಜಿಬಿಗಿಂತ ಕಡಿಮೆ ಕೊಡಬೇಡಿ, 100 ಕೊಟ್ಟರೆ ನೆಮ್ಮದಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ) ಬೇರೆ ಪಾರ್ಟಿಷನ್ ಮಾಡುವ ಹಳೇ ಪದ್ಧತಿ ಈಗ ಬೇಕಿಲ್ಲ, ಉಬುಂಟು ತಾನೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ.

ಸಿ ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದೆ, ಆದರೂ ವಿಂಡೋಸ್ ಸ್ವಲ್ಪವೇ ಬಿಟ್ಟುಕೊಡುತ್ತಿದೆ. ಯಾಕೆ?

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದಾಗ ಇದು ಕಾಣುತ್ತದೆ. ಜಾಗ ಖಾಲಿ ಇರುವುದು ನಿಜ. ಆದರೆ ವಿಂಡೋಸ್ ಡ್ರೈವ್‌ನ ಕೊನೆಯಿಂದ ಹಿಂದಕ್ಕೆ ಕತ್ತರಿಸುತ್ತಾ ಬರುತ್ತದೆ. ದಾರಿಯಲ್ಲಿ ಕದಲಿಸಲಾಗದ ಒಂದು ಫೈಲ್ ಸಿಕ್ಕಿದರೆ ಅಲ್ಲಿಗೇ ನಿಲ್ಲುತ್ತದೆ, ಅದರ ಹಿಂದೆ ಎಷ್ಟೇ ಖಾಲಿ ಇರಲಿ. ಸಾಮಾನ್ಯವಾಗಿ ಅಡ್ಡ ಬರುವುದು ಮೂರು: ಪೇಜ್ ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಮ್ ರಿಸ್ಟೋರ್ ಪ್ರತಿಗಳು.

ಈ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಮಾಡಿ ನೋಡಿ. ಬಹಳಷ್ಟು ಸಲ ಸಂಖ್ಯೆ ದಿಢೀರನೆ ಏರುತ್ತದೆ. ಕೆಲಸ ಮುಗಿದ ಮೇಲೆ ಪೇಜ್ ಫೈಲ್ ಮತ್ತು ಸಿಸ್ಟಮ್ ರಿಸ್ಟೋರ್ ವಾಪಸ್ ಆನ್ ಮಾಡುವುದು ಮರೆಯಬೇಡಿ. ಹೈಬರ್ನೇಶನ್ ಹೇಗೂ ಆಫ್ ಇರುವುದೇ ವಾಸಿ.

ಕತ್ತರಿಸಿದ ಜಾಗವನ್ನು ಹಾಗೇ ಬಿಡಿ. ಅನ್‌ಅಲೊಕೇಟೆಡ್ ಅಂತ ಕಪ್ಪು ಪಟ್ಟಿಯಲ್ಲಿ ಕಾಣುತ್ತದಲ್ಲ, ಅದನ್ನು ಫಾರ್ಮ್ಯಾಟ್ ಮಾಡಿ ಹೊಸ ಡ್ರೈವ್ ಮಾಡಲು ಹೋಗಬೇಡಿ.

ಪೆನ್ ಡ್ರೈವ್ ತಯಾರಿ ಹೇಗೆ?

8 ಜಿಬಿ ಅಥವಾ ಹೆಚ್ಚಿನದು ಇರಲಿ. ಲಿನಕ್ಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲನ್ನು ಅಧಿಕೃತ ಸೈಟಿನಿಂದಲೇ ಇಳಿಸಿಕೊಳ್ಳಿ. ರೂಫಸ್ ಅಥವಾ ಬಲೇನಾ ಎಚರ್ ಅನ್ನುವ ಸಾಫ್ಟ್‌ವೇರ್‌ನಿಂದ ಅದನ್ನು ಪೆನ್ ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಪೆನ್ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಪೆನ್ ಡ್ರೈವ್ ಹಾಕಿದರೂ ವಿಂಡೋಸ್ಸೇ ತೆರೆಯುತ್ತಿದೆ.

ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಕೀ ಹಿಡಿಯಲು ಸಮಯವೇ ಸಿಗದಷ್ಟು ಬೇಗ ತೆರೆದುಕೊಂಡರೆ, ವಿಂಡೋಸ್ ಒಳಗಿನಿಂದ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅನ್ನುವ ಆಯ್ಕೆ ಇರುತ್ತದೆ, ಅಲ್ಲಿ ಪೆನ್ ಡ್ರೈವ್ ಆರಿಸಿ.

ಲಿನಕ್ಸ್ ಇನ್‌ಸ್ಟಾಲರ್‌ಗೆ ನನ್ನ ಎಸ್‌ಎಸ್‌ಡಿಯೇ ಕಾಣುತ್ತಿಲ್ಲ!

ಇಂಟೆಲ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಅಲ್ವಾ? ಹಾಗಿದ್ದರೆ ಡಿಸ್ಕ್ ಕೆಟ್ಟಿಲ್ಲ. ಫರ್ಮ್‌ವೇರ್‌ನಲ್ಲಿ (ಬಯೋಸ್ ಅನ್ನುತ್ತಾರಲ್ಲ, ಮದರ್‌ಬೋರ್ಡ್‌ನ ಆ ಸೆಟ್ಟಿಂಗ್ ಪರದೆಯಲ್ಲಿ) ಸ್ಟೋರೇಜ್ ಮೋಡ್ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅಂತ ಇರಬಹುದು. ಅದನ್ನು ಎಎಚ್‌ಸಿಐ ಮಾಡಬೇಕು.

ಆದರೆ ನೇರವಾಗಿ ಹೋಗಿ ಬದಲಿಸಿದರೆ ವಿಂಡೋಸ್ ತೆರೆಯದೆ ನೀಲಿ ಪರದೆ ತೋರಿಸಬಹುದು. ಅದಕ್ಕೆ ಬೇಕಾದ ಡ್ರೈವರ್ ಶುರುವಿನಲ್ಲೇ ಲೋಡ್ ಆಗಿರುವುದಿಲ್ಲ. ಆದ್ದರಿಂದ ಕ್ರಮ ಹೀಗೆ. ಮೊದಲು ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಬೂಟ್ ಟ್ಯಾಬ್‌ಗೆ ಹೋಗಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಮಾಡುತ್ತಲೇ ಫರ್ಮ್‌ವೇರ್ ಒಳಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ, ಬೇಕಾದ ಡ್ರೈವರನ್ನು ಅದೇ ಹಿಡಿದುಕೊಳ್ಳುತ್ತದೆ. ಆಮೇಲೆ ಸೇಫ್ ಬೂಟ್ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಒಪ್ಪದೆ ಹೋಗಬಹುದು, ಖಾತೆಯ ಪಾಸ್‌ವರ್ಡ್ ಗೊತ್ತಿರಲಿ. ಬಿಟ್‌ಲಾಕರ್ ಕೀ ಕೂಡ ಪಕ್ಕದಲ್ಲೇ ಇರಲಿ.

ಪಾರ್ಟಿಷನ್ ಪರದೆಯಲ್ಲಿ ಯಾವುದನ್ನು ಆರಿಸಲಿ?

ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್ ಅಂತ ಕಂಡರೆ ಅದನ್ನೇ ಆರಿಸಿ, ಸಾಕು. ಇರೇಸ್ ಡಿಸ್ಕ್ ಅನ್ನುವುದನ್ನು ಮುಟ್ಟಬೇಡಿ, ಅದು ವಿಂಡೋಸ್ ಸಮೇತ ಎಲ್ಲವನ್ನೂ ಒರೆಸುತ್ತದೆ.

ಅಲಾಂಗ್‌ಸೈಡ್ ಕಾಣದಿದ್ದರೆ ಮ್ಯಾನ್ಯುವಲ್ ದಾರಿ. ಖಾಲಿ ಜಾಗವನ್ನು ಆರಿಸಿ, ಎಕ್ಸ್ಟ್4 (ಲಿನಕ್ಸ್‌ನ ಫೈಲ್ ಮಾದರಿ) ಪಾರ್ಟಿಷನ್ ಮಾಡಿ, ಮೌಂಟ್ ಪಾಯಿಂಟ್‌ಗೆ ಒಂದು ಓರೆಗೆರೆ (/) ಕೊಡಿ. ಪಟ್ಟಿಯಲ್ಲಿ ಮೊದಲ ಸಾಲುಗಳಲ್ಲೆಲ್ಲೋ ಫ್ಯಾಟ್32 ಮಾದರಿಯ, 100ರಿಂದ 300 ಎಂಬಿ ಗಾತ್ರದ ಒಂದು ಪುಟ್ಟ ಪಾರ್ಟಿಷನ್ ಕಾಣುತ್ತದೆ. ಅದೇ ಇಎಫ್‌ಐ ಪಾರ್ಟಿಷನ್. ವಿಂಡೋಸ್ ಶುರುವಾಗುವ ಫೈಲುಗಳು ಅಲ್ಲಿರುತ್ತವೆ, ಲಿನಕ್ಸ್ ತನ್ನ ಫೋಲ್ಡರನ್ನು ಅದರ ಪಕ್ಕದಲ್ಲೇ ಇಡುತ್ತದೆ. ಅದನ್ನು ಬಳಸಲು ಹೇಳಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಉಬುಂಟುಗೆ 100 ಎಂಬಿ ಇದ್ದರೂ ನಡೆಯುತ್ತದೆ. ಪಾಪ್ ಓಎಸ್ ಥರದವು ಕರ್ನಲನ್ನೂ ಅಲ್ಲೇ ಇಡುವುದರಿಂದ ಅವಕ್ಕೆ ಅಷ್ಟು ಸಾಲದು.

ಸೆಕ್ಯೂರ್ ಬೂಟ್ ಆಫ್ ಮಾಡಬೇಕಾ?

ನಂಬಿಕೆಯ ಸಹಿ ಇಲ್ಲದ ಬೂಟ್ ಫೈಲುಗಳನ್ನು ತಡೆಯುವ ಫರ್ಮ್‌ವೇರ್ ಕಾವಲು ಇದು. ಉಬುಂಟು, ಫೆಡೋರಾ, ಓಪನ್‌ಸೂಸೆಗಳಿಗೆ ಆಫ್ ಮಾಡಬೇಕಿಲ್ಲ. ಅವುಗಳ ಬೂಟ್ ಫೈಲಿಗೆ ಮೈಕ್ರೋಸಾಫ್ಟ್ ಸಹಿ ಇದೆ. ಎನ್‌ವಿಡಿಯಾ ಡ್ರೈವರ್ ಹಾಕುವವರಿಗೆ ಮಾತ್ರ ಒಂದು ಹೆಜ್ಜೆ ಜಾಸ್ತಿ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ಮಾಕ್ ಮ್ಯಾನೇಜ್‌ಮೆಂಟ್ ಅನ್ನುವ ನೀಲಿ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಒಂದು ಕೀ ಒತ್ತಿ, ಎನ್‌ರೋಲ್ ಮಾಕ್ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯನ್ನು ಎರರ್ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ.

ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಹಾಕಬಹುದಾ?

ಆಗುವುದಾದರೆ ಹಾಗೇ ಮಾಡಿ. ಎರಡನೇ ಎಸ್‌ಎಸ್‌ಡಿಗೆ ಜಾಗ ಇದ್ದರೆ ಅದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಡೆಸ್ಕ್‌ಟಾಪ್ ಆದರೆ ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಟ್ಟುಬಿಡಿ. ಇಲ್ಲದಿದ್ದರೆ ಉಬುಂಟು ತನ್ನ ಬೂಟ್ ಫೈಲುಗಳನ್ನು ವಿಂಡೋಸ್ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೇ ಹಾಕಿಬಿಡುವುದುಂಟು.

ಯಾವುದನ್ನು ಮೊದಲು ಹಾಕಬೇಕು?

ಎರಡನ್ನೂ ಹೊಸದಾಗಿ ಹಾಕುವುದಾದರೆ ಮೊದಲು ವಿಂಡೋಸ್. ಲಿನಕ್ಸ್ ಪಕ್ಕದವರನ್ನು ಮೆನುವಿಗೆ ಸೇರಿಸಿಕೊಳ್ಳುತ್ತದೆ, ವಿಂಡೋಸ್ ಸೇರಿಸಿಕೊಳ್ಳುವುದಿಲ್ಲ.

ಎಲ್ಲ ಮುಗಿಯಿತು, ಆದರೆ ವಿಂಡೋಸ್ ಹೋಗಿಬಿಟ್ಟಿದೆ! ಅಥವಾ ಲಿನಕ್ಸ್ ಕಾಣುತ್ತಿಲ್ಲ!

ಗಾಬರಿಯಾಗಿ ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಬಹುಪಾಲು ಸಲ ಎರಡೂ ಡಿಸ್ಕಿನಲ್ಲಿ ಕ್ಷೇಮವಾಗಿರುತ್ತವೆ. ಮನೆ ಅಲ್ಲೇ ಇದೆ, ಬಾಗಿಲು ಮಾತ್ರ ಸಿಗುತ್ತಿಲ್ಲ, ಅಷ್ಟೇ. ಮೊದಲು ಬೂಟ್ ಮೆನು ಕೀ ಒತ್ತಿ ನೋಡಿ. ವಿಂಡೋಸ್ ಬೂಟ್ ಮ್ಯಾನೇಜರ್, ಉಬುಂಟು ಎರಡೂ ಅಲ್ಲಿ ಕಂಡರೆ ಅರ್ಧ ಸಮಸ್ಯೆ ಮುಗಿಯಿತು.

ನೇರವಾಗಿ ವಿಂಡೋಸ್ ತೆರೆಯುತ್ತಿದ್ದರೆ ಫರ್ಮ್‌ವೇರ್‌ನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ. ಗ್ರಬ್ ಮೆನುವಿನಲ್ಲಿ (ಆನ್ ಮಾಡಿದಾಗ ಲಿನಕ್ಸ್ ತೋರಿಸುವ ಆಯ್ಕೆಯ ಮೆನು) ವಿಂಡೋಸ್ ಇಲ್ಲದಿದ್ದರೆ ಕಾರಣ ಬೇರೆ. 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್ ಪ್ರೋಬರ್ ಮೊದಲೇ ಆಫ್ ಆಗಿರುತ್ತದೆ. ಗ್ರಬ್‌ನ ಡೀಫಾಲ್ಟ್ ಸೆಟ್ಟಿಂಗ್ ಫೈಲಿನ ಕೊನೆಯ ಕಡೆ ಓಎಸ್ ಪ್ರೋಬರ್ ಹೆಸರಿನ ಒಂದು ಸಾಲಿದೆ. ಅದರ ಮುಂದಿನ ಹ್ಯಾಶ್ ಗುರುತು ಅಳಿಸಿ, ಆ ಸಾಲಿನ ಕೊನೆಯಲ್ಲಿ ಫಾಲ್ಸ್ ಅಂತ ಇರುವುದನ್ನು ನೋಡಿಕೊಂಡು, ಗ್ರಬ್ ಅಪ್‌ಡೇಟ್ ಮಾಡುವ ಕಮಾಂಡ್ ಕೊಡಿ.

ವಿಂಡೋಸ್ ಅಪ್‌ಡೇಟ್ ಆದರೆ ಲಿನಕ್ಸ್ ಹಾಳಾಗುತ್ತದೆ ಅಂತಾರೆ, ನಿಜವಾ?

ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ವಿಂಡೋಸ್ ತನ್ನನ್ನೇ ಬೂಟ್ ಕ್ರಮದಲ್ಲಿ ಮೊದಲಿಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಮೇಲಿನ ಉತ್ತರವೇ ಮದ್ದು. ನಿಜವಾಗಿ ಪೆಟ್ಟು ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ತಡೆಯಲು ಮೈಕ್ರೋಸಾಫ್ಟ್ ಕೊಟ್ಟ ಎಸ್‌ಬ್ಯಾಟ್ ಅಪ್‌ಡೇಟ್ ಡ್ಯುಯಲ್ ಬೂಟ್ ಯಂತ್ರಗಳಿಗೂ ಹೋಯಿತು. ಲಿನಕ್ಸ್ ತೆರೆಯಲು ಹೋದರೆ "ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್" ಅಂತ ಒಂದು ಸಾಲು ಬಂದು ಯಂತ್ರ ಆಫ್ ಆಗುತ್ತಿತ್ತು. ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್ ಒಳಗೆ ಹೋಗಿ, ಆ ಎಸ್‌ಬ್ಯಾಟ್ ನಿಯಮ ಅಳಿಸಿ, ಲಿನಕ್ಸ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿದವರಿಗೆ ಸರಿಹೋಯಿತು. 2025ರ ಮೇ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು ಸರಿಪಡಿಸಿತು. ಇನ್‌ಸ್ಟಾಲ್ ಮಾಡಿದ ಪೆನ್ ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ ಅನ್ನುವುದು ಇಂಥ ದಿನಗಳಿಗಾಗಿಯೇ.

ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ತಪ್ಪಾಗಿರುತ್ತೆ.

ಮದರ್‌ಬೋರ್ಡ್‌ನಲ್ಲಿರುವ ಗಡಿಯಾರ ಒಂದೇ. ವಿಂಡೋಸ್ ಅದನ್ನು ಸ್ಥಳೀಯ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿನ ಪ್ರಮಾಣಿತ ಸಮಯ) ಅಂದುಕೊಳ್ಳುತ್ತದೆ. ಅದಕ್ಕೇ ನಿಮ್ಮ ಟೈಮ್ ಝೋನ್‌ಗೂ ಯುಟಿಸಿಗೂ ಎಷ್ಟು ವ್ಯತ್ಯಾಸವೋ ಸರಿಯಾಗಿ ಅಷ್ಟೇ ತಪ್ಪುತ್ತದೆ. ಯಾವುದಾದರೂ ಒಂದನ್ನು ಒಪ್ಪಿಸಬೇಕು. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಸ್ಥಳೀಯ ಸಮಯಕ್ಕೆ ಬದಲಿಸುವುದು ಸುಲಭ.

ಬ್ಲೂಟೂತ್ ಇಯರ್‌ಫೋನ್ ಪ್ರತಿ ಸಲ ಹೊಸದಾಗಿ ಪೇರ್ ಮಾಡಬೇಕಾ?

ದುರದೃಷ್ಟಕ್ಕೆ ಹೌದು. ಇಯರ್‌ಫೋನ್‌ಗೆ ಎರಡೂ ಸಿಸ್ಟಮ್ ಒಂದೇ ವಿಳಾಸದ ಕಂಪ್ಯೂಟರ್ ಆಗಿ ಕಾಣುತ್ತವೆ, ಆದರೆ ಪೇರ್ ಆದಾಗ ಹುಟ್ಟುವ ಕೀ ಬೇರೆ ಬೇರೆ. ವಿಂಡೋಸ್‌ನಲ್ಲಿ ಪೇರ್ ಮಾಡಿದರೆ ಲಿನಕ್ಸ್‌ನ ಕೀ ಸುಳ್ಳಾಗುತ್ತದೆ. ವಿಂಡೋಸ್‌ನ ಕೀಯನ್ನು ಲಿನಕ್ಸ್‌ಗೆ ಕಾಪಿ ಮಾಡುವ ಉಪಾಯ ಇದೆ, ತಲೆನೋವಿನ ಕೆಲಸ. ಮೌಸ್ ಕೊಳ್ಳುವುದಿದ್ದರೆ ಯುಎಸ್‌ಬಿ ರಿಸೀವರ್ ಇರುವುದನ್ನೇ ಕೊಳ್ಳಿ.

ಎರಡರಲ್ಲೂ ಒಂದೇ ಫೈಲುಗಳನ್ನು ಬಳಸಬಹುದಾ?

ಬಹುದು. ಎನ್‌ಟಿಎಫ್‌ಎಸ್ ಮಾದರಿಯ ಬೇರೊಂದು ಪಾರ್ಟಿಷನ್ ಮಾಡಿ ಅದರಲ್ಲಿ ಫೋಟೋ, ಡಾಕ್ಯುಮೆಂಟ್ ಇಡಿ. ಲಿನಕ್ಸ್ ಅದನ್ನು ಓದಿ ಬರೆಯುತ್ತದೆ. ವಿಂಡೋಸ್ ಲಿನಕ್ಸ್‌ನ ಎಕ್ಸ್ಟ್4 ಅನ್ನು ತಾನಾಗಿ ಓದುವುದಿಲ್ಲ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.

ಮ್ಯಾಕ್‌ನಲ್ಲಿ?

ಇಂಟೆಲ್ ಮ್ಯಾಕ್ ಆದರೆ ಬೂಟ್ ಕ್ಯಾಂಪ್‌ನಿಂದ ವಿಂಡೋಸ್ ಹಾಕಬಹುದು. 2020ರ ಎಂ1ರಿಂದ ಬೂಟ್ ಕ್ಯಾಂಪ್ ಇಲ್ಲ. ಎಂ1, ಎಂ2 ಮ್ಯಾಕ್‌ಗಳಿಗೆ ಅಸಾಹಿ ಲಿನಕ್ಸ್ ಇದೆ.

ಲಿನಕ್ಸ್ ಬೇಡ ಅನ್ನಿಸಿದರೆ ತೆಗೆಯುವುದು ಹೇಗೆ?

ಪಾರ್ಟಿಷನ್ ಅಳಿಸುವುದು ಮೊದಲ ಹೆಜ್ಜೆ ಅಲ್ಲ. ಹಾಗೆ ಮಾಡಿದರೆ ಮುಂದಿನ ಸಲ ಗ್ರಬ್ ಅನ್ನುವ ನಾಲ್ಕಕ್ಷರದ ಜೊತೆ ಮಿನುಗುವ ಗೆರೆ ಇರುವ ಕಪ್ಪು ಪರದೆ ಸಿಗುತ್ತದೆ. ಮೆನು ತೋರಿಸಲು ಬೇಕಾದ ಫೈಲುಗಳು ಆ ಪಾರ್ಟಿಷನ್‌ನಲ್ಲೇ ಇದ್ದವು. ಮೊದಲು ಫರ್ಮ್‌ವೇರ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲ ಸ್ಥಾನಕ್ಕೆ ತನ್ನಿ. ವಿಂಡೋಸ್ ನೇರವಾಗಿ ತೆರೆಯುವುದನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ಲಿನಕ್ಸ್‌ನಲ್ಲಿಟ್ಟ ಫೈಲುಗಳನ್ನು ಕಾಪಿ ಮಾಡಿಕೊಂಡಿದ್ದೀರಾ ಅಂತ ನೋಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್ ಅಳಿಸಿ.

ಸಿ ಡ್ರೈವ್‌ನ ಪಕ್ಕದಲ್ಲೇ ಖಾಲಿ ಜಾಗ ಕಂಡರೆ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ ಸೇರಿಸಿಕೊಳ್ಳಬಹುದು. ನಡುವೆ ಬೇರೆ ಪಾರ್ಟಿಷನ್ ಇದ್ದರೆ ಆ ಆಯ್ಕೆ ಮಸುಕಾಗಿರುತ್ತದೆ. ಇಎಫ್‌ಐ ಪಾರ್ಟಿಷನ್‌ನಲ್ಲಿ ಉಬುಂಟು ಹೆಸರಿನ ಒಂದು ಚಿಕ್ಕ ಫೋಲ್ಡರ್ ಉಳಿದಿರುತ್ತದೆ. ಕೆಲವೇ ಎಂಬಿ, ಯಾರಿಗೂ ತೊಂದರೆ ಇಲ್ಲ. ಅದನ್ನು ತೆಗೆಯಲು ಹೋಗಿ ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರನ್ನು ಅಳಿಸಿದರೆ ವಿಂಡೋಸ್ ಶುರುವಾಗುವುದೇ ಇಲ್ಲ. ಇರಲಿ ಬಿಡಿ.